ಪರಾಶರ ಹೋರೆಯೂ ನಮ್ಮ ನಾಲ್ಕು ತಾಲ್ಲೂಕಿನ ಕಲ್ಲುಗಳೂ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕುಗಳ ಹೊಯ್ಸಳರ ಕಾಲದ ದಾನಶಾಸನಗಳನ್ನು ತೆರೆದರೆ, ಪ್ರಶಸ್ತಿ ಮುಗಿದು ದಾನದ ವಿವರ ಶುರುವಾಗುವ ಜಾಗದಲ್ಲಿ ಕಾಲ ಹೇಳುವ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತೆ. ಶಕವರ್ಷ ಇಷ್ಟನೆಯದು, ಇಂಥ ಸಂವತ್ಸರ, ಇಂಥ ಮಾಸ, ಶುದ್ಧವೋ ಬಹುಳವೋ, ತಿಥಿ, ವಾರ. ಕೆಲವೊಮ್ಮೆ ಮುಂದೆ ಉತ್ತರಾಯಣ ಸಂಕ್ರಮಣ, ವ್ಯತೀಪಾತ, ಸೂರ್ಯಗ್ರಹಣ ಅಂತಲೂ ಸೇರಿಕೊಳ್ಳುತ್ತೆ. ಶಾಸನ ಓದಲು ಕಲಿಯುವವರು ಲಿಪಿಯ ತೊಡಕು ದಾಟಿದ ಮೇಲೆ ಎಡವುವುದು ಈ ಸಾಲಿನಲ್ಲೇ.

ಇಲ್ಲಿ ಈಚೆಗೆ ಒಂದು ಅಭ್ಯಾಸ ಬೆಳೆದಿದೆ. ತೇದಿ ಸಿಕ್ಕ ಕೂಡಲೇ ಮೊಬೈಲಿನ ಜಾತಕ ತಂತ್ರಾಂಶಕ್ಕೆ ಹಾಕಿ ಕುಂಡಲಿ ಬರೆಸೋದು. ಆಮೇಲೆ "ಬೃಹತ್ ಪರಾಶರ ಹೋರಾಶಾಸ್ತ್ರ"ದ ಪ್ರಕಾರ ಗುರು ಕೇಂದ್ರದಲ್ಲಿದ್ದಾನೆ, ಆದ್ದರಿಂದ ಈ ದೇವಸ್ಥಾನ ಈ ಮುಹೂರ್ತಕ್ಕೇ ಪ್ರತಿಷ್ಠೆಯಾಯಿತು ಅಂತ ವಿವರಣೆ. ವಾರ ಕೂಡಿ ಬರದಿದ್ದರೆ "ಶಾಸನ ಕೂಟ" ಅಂತ ತೀರ್ಪು. ಈ ಎರಡೂ ಮಾತಿನ ಹಿಂದೆ ಇರುವ ನಂಬಿಕೆ ಒಂದೇ: ಆ ಗ್ರಂಥ ಐದು ಸಾವಿರ ವರ್ಷ ಹಳೆಯದು, ವೈದಿಕ ಜ್ಯೋತಿಷಕ್ಕೆ ತಾಯಿಬೇರು, ಹಾಗಾಗಿ ನಮ್ಮ ಶಾಸನಗಳ ಕಾಲಗಣನೆಯೂ ಅದರಿಂದಲೇ ಬಂದದ್ದು. ಈ ನಂಬಿಕೆ ನಿಲ್ಲುತ್ತದೆಯೇ ಅನ್ನೋದನ್ನು ಗ್ರಂಥದ ಕಡೆಯಿಂದಲೂ ಕಲ್ಲಿನ ಕಡೆಯಿಂದಲೂ ನೋಡೋಣ.

ಗ್ರಂಥದ ಕಡೆಯಿಂದ

ಮೊದಲು ಗ್ರಂಥಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಪರಾಶರ–ಮೈತ್ರೇಯರ ಸಂವಾದದ ರೂಪದಲ್ಲಿರುವ ಈ ಹೊತ್ತಗೆ ಜಾತಕವಿದ್ಯೆಯ ದೊಡ್ಡ ಕಣಜ. ಗ್ರಹಸ್ವರೂಪ, ರಾಶಿಸ್ವರೂಪ, ಷೋಡಶವರ್ಗ, ಹನ್ನೆರಡು ಭಾವಗಳ ಫಲ, ಬಗೆಬಗೆಯ ದಶೆಗಳು, ಅಷ್ಟಕವರ್ಗ, ಶಾಂತಿಗಳು, ಎಲ್ಲವೂ ಒಂದೇ ಕಡೆ ಸಿಗುತ್ತೆ. ಇವತ್ತು ಹಳ್ಳಿಯ ಜೋಯಿಸರಿಂದ ಹಿಡಿದು ತಂತ್ರಾಂಶದ ತನಕ ಎಲ್ಲರೂ ಬಳಸುವ ವಿಂಶೋತ್ತರಿ ದಶೆಗೆ ಆಧಾರವಾಗಿ ತೋರಿಸುವುದು ಪರಾಶರನ ಹೆಸರನ್ನೇ. ಬಳಕೆಯ ದೃಷ್ಟಿಯಿಂದ ಇದಕ್ಕಿಂತ ಪ್ರಭಾವಶಾಲಿ ಜಾತಕಗ್ರಂಥ ಇವತ್ತು ಇನ್ನೊಂದಿಲ್ಲ.

ಆದರೆ ಪ್ರಭಾವ ಬೇರೆ, ಪ್ರಾಚೀನತೆ ಬೇರೆ. ಪ್ರಾಚೀನತೆಯ ಮಾತಿಗೆ ಬಂದರೆ ಮೂರು ಸಾಕ್ಷಿಗಳು ಎದುರು ನಿಲ್ಲುತ್ತವೆ.

ಒಂದನೆಯದು ಭಟ್ಟೋತ್ಪಲ. ಕ್ರಿ.ಶ. 10ನೆಯ ಶತಮಾನದಲ್ಲಿ ವರಾಹಮಿಹಿರನ ಕೃತಿಗಳಿಗೆ ವ್ಯಾಖ್ಯಾನ ಬರೆದ ಮಹಾವಿದ್ವಾಂಸ ಈತ. ಹಳೆಯ ಗ್ರಂಥಗಳನ್ನು ಹುಡುಕಿ ಹುಡುಕಿ ಉದ್ಧರಿಸುವವನು. ಬೃಹಜ್ಜಾತಕದ ವ್ಯಾಖ್ಯಾನದಲ್ಲಿ ಈತ ಹೇಳುವುದೇನೆಂದರೆ, ಪರಾಶರನು ಮೂರು ಸ್ಕಂಧಗಳನ್ನೂ ರಚಿಸಿದ ಎಂದು ಕೇಳಿದ್ದೇವೆ, ಆದರೆ ತಾನು ಕಂಡಿರುವುದು ಸಂಹಿತೆಯನ್ನು ಮಾತ್ರ, ಜಾತಕವನ್ನಲ್ಲ. ಯೋಚಿಸಿ ನೋಡಿ: ಜ್ಯೋತಿಷದ ಗ್ರಂಥಗಳನ್ನು ಅಷ್ಟು ಚೆನ್ನಾಗಿ ಬಲ್ಲವನ ಕೈಗೇ ಪರಾಶರನ ಹೋರೆ ಸಿಕ್ಕಿರಲಿಲ್ಲ. ಆತ ಕಂಡ ಪರಾಶರಸಂಹಿತೆಯೂ ಇವತ್ತು ಮುದ್ರಣದಲ್ಲಿರುವ ಹೋರೆಯೂ ಬೇರೆ ಬೇರೆ ಪುಸ್ತಕಗಳು. ಪರಾಶರ ಅನ್ನುವ ಹೆಸರು ಹಳೆಯದೆಂದ ಮಾತ್ರಕ್ಕೆ ಆ ಹೆಸರಿನ ಹೊತ್ತಗೆಯೂ ಹಳೆಯದಾಗೋದಿಲ್ಲ.

ಎರಡನೆಯದು ಶಬ್ದಗಳ ಸಾಕ್ಷಿ. ಹೋರಾ, ಕೇಂದ್ರ, ಪಣಫರ, ಆಪೋಕ್ಲಿಮ, ದ್ರೇಕ್ಕಾಣ, ಇವು ಗ್ರೀಕ್ ಮೂಲದವು. ಹೋರಾ ಎಂಬುದು ಅಹೋರಾತ್ರದ ಮೊದಲ ಮತ್ತು ಕೊನೆಯ ಅಕ್ಷರ ಬಿಟ್ಟು ಉಳಿದದ್ದು ಎಂಬ ಮತವನ್ನು ವರಾಹಮಿಹಿರ ತಿಳಿಸುತ್ತಾನೆ ನಿಜ. ಆದರೆ ಪಣಫರಕ್ಕೂ ಆಪೋಕ್ಲಿಮಕ್ಕೂ ಹಾಗೆ ಸಂಸ್ಕೃತದ ಮೂಲ ಕಟ್ಟಲು ಯಾರಿಂದಲೂ ಆಗಿಲ್ಲ. ಅದೇ ವರಾಹಮಿಹಿರ ಈ ವಿದ್ಯೆಯಲ್ಲಿ ಯವನರನ್ನು ಮುಕ್ತವಾಗಿ ಹೊಗಳಿದವನು. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಯವನರ ಜೊತೆಗಿನ ಕೊಡುಕೊಳೆಯಲ್ಲಿ ಬಂದ ಈ ಪದಗಳನ್ನು ಸಲೀಸಾಗಿ ಬಳಸುವ ಗ್ರಂಥ, ಅದಕ್ಕೂ ಮೂರು ಸಾವಿರ ವರ್ಷ ಹಿಂದಿನದಾಗುವುದು ಹೇಗೆ?

ಮೂರನೆಯದು ಮುದ್ರಿತ ಪಾಠಗಳ ಸ್ಥಿತಿ. ಮುಂಬಯಿಯ ಹಳೆಯ ಮುದ್ರಣ ಪೂರ್ವಖಂಡ, ಉತ್ತರಖಂಡ ಎಂದು ಎರಡು ಭಾಗವಾಗಿದೆ. ಕಾಶಿಯ ಸೀತಾರಾಮ ಝಾ ಅವರ ಆವೃತ್ತಿಯಲ್ಲಿ 97 ಅಧ್ಯಾಯ. ಅಧ್ಯಾಯಗಳ ಕ್ರಮ, ಸಂಖ್ಯೆ, ಶ್ಲೋಕಗಳು ಒಂದಕ್ಕೊಂದು ಕೂಡುವುದಿಲ್ಲ. ಅಂದರೆ ಕೈಯಿಂದ ಕೈಗೆ ಬರುತ್ತಾ ಬೆಳೆದ ಗ್ರಂಥ ಇದು. ಡೇವಿಡ್ ಪಿಂಗ್ರೀ ಅವರು ಪೂರ್ವಖಂಡದ ತಿರುಳನ್ನು ಸುಮಾರು ಕ್ರಿ.ಶ. 7–8ನೆಯ ಶತಮಾನಕ್ಕೆ ಇಟ್ಟರು. ಅದನ್ನು ಒಪ್ಪಿದರೂ ಬಿಟ್ಟರೂ, ಇವತ್ತು ಅಂಗಡಿಯಲ್ಲಿ ಸಿಗುವ ಪುಸ್ತಕದ ಪ್ರತಿ ಶ್ಲೋಕವನ್ನೂ ಒಂದೇ ಕಾಲಕ್ಕೆ, ಒಬ್ಬನೇ ಋಷಿಗೆ ಕಟ್ಟಲು ಬರುವುದಿಲ್ಲ.

ವೇದಕ್ಕೆ ಅಂಗವಾದ ಜ್ಯೋತಿಷ ಯಾವುದು ಅಂದರೆ ಲಗಧನ ಹೆಸರಿನಲ್ಲಿರುವ ವೇದಾಂಗಜ್ಯೋತಿಷ. ಐದು ವರ್ಷದ ಒಂದು ಯುಗ, ಅದರಲ್ಲಿ 1830 ದಿನ, 62 ಚಾಂದ್ರಮಾಸ, ಸೂರ್ಯ ಶ್ರವಿಷ್ಠಾದಲ್ಲಿದ್ದಾಗ ಉತ್ತರಾಯಣ. ಯಜ್ಞದ ಕಾಲ ಗೊತ್ತುಮಾಡುವುದು ಅದರ ಕೆಲಸ. ಅದರಲ್ಲಿ ಮೇಷ, ವೃಷಭಗಳಿಲ್ಲ, ಭಾನುವಾರ, ಸೋಮವಾರಗಳಿಲ್ಲ, ಕುಂಡಲಿಯಂತೂ ಇಲ್ಲವೇ ಇಲ್ಲ. ವೈದಿಕ ಎಂಬ ವಿಶೇಷಣ ನ್ಯಾಯವಾಗಿ ಸಲ್ಲಬೇಕಾದದ್ದು ಈ ಪುಟ್ಟ ಪುಸ್ತಕಕ್ಕೆ. ಹೆಸರು ಮಾತ್ರ ಪರಾಶರ ಹೋರೆಯ ಪಾಲಾಗಿದೆ.

ಕಲ್ಲಿನ ಕಡೆಯಿಂದ

ಶಾಸನಗಳನ್ನು ಕಾಲಾನುಕ್ರಮವಾಗಿ ಜೋಡಿಸಿಟ್ಟರೆ ತೇದಿಯ ಸಾಲು ಹೇಗೆ ಬೆಳೆಯಿತು ಅನ್ನೋದು ಕಣ್ಣಿಗೆ ಕಾಣುತ್ತೆ. ಬಾದಾಮಿಯ ಮೂರನೆಯ ಗುಹೆಯ ಶಾಸನ (ಕ್ರಿ.ಶ. 578) ಶಕ 500, ಕಾರ್ತಿಕ ಪೌರ್ಣಮಿ ಎನ್ನುತ್ತೆ. ವಾರ ಹೇಳುವುದಿಲ್ಲ. ಭಾರತದ ಶಾಸನಗಳಲ್ಲಿ ವಾರ ಹೇಳುವ ಹಳೆಯ ದಾಖಲೆಯೆಂದು ಪ್ರಸಿದ್ಧವಾದದ್ದು ಮಧ್ಯಪ್ರದೇಶದ ಏರಣದ ಬುಧಗುಪ್ತನ ಕಂಬ: ಗುಪ್ತವರ್ಷ 165, ಆಷಾಢ ಶುದ್ಧ 12, ಗುರುವಾರ, ಕ್ರಿ.ಶ. 484. ಅಲ್ಲಿಂದ ವಾರ ಶಾಸನಗಳಲ್ಲೆಲ್ಲ ರೂಢಿಯಾಗಲು ಕೆಲವು ಶತಮಾನಗಳೇ ಹಿಡಿದವು.

ನಮ್ಮ ಸೀಮೆಗೆ ಬನ್ನಿ. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿ ತಾಮ್ರಪಟ ಗಂಗರ ಶ್ರೀಪುರುಷನದು. ಕುಂದಾಚ್ಚಿ ಕಟ್ಟಿಸಿದ ಲೋಕತಿಲಕ ಜಿನಾಲಯಕ್ಕೆ ಕೊಟ್ಟ ದತ್ತಿ. ಅದರ ಕಾಲ ನಮಗೆ ಗಟ್ಟಿಯಾಗಿ ಸಿಗುವುದು ಎರಡು ಅಂಕಿಗಳಿಂದ: ಶಕ 698 ಮತ್ತು ಅರಸನ ಆಳ್ವಿಕೆಯ 50ನೆಯ ವರ್ಷ. ಅಂದರೆ ಕ್ರಿ.ಶ. 776. ನೆರೆಯ ಮದ್ದೂರು ತಾಲ್ಲೂಕಿನ ಆತಕೂರು ಕಲ್ಲು, ಅದೇ ಕಾಳಿ ಎಂಬ ನಾಯಿಯ ಕಲ್ಲು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿರುವುದು, ಶಕ 872, ಸೌಮ್ಯ ಸಂವತ್ಸರ ಎನ್ನುತ್ತೆ. ಹೊಯ್ಸಳರ ಹೊತ್ತಿಗೆ ಮಾಸ, ಪಕ್ಷ, ತಿಥಿ, ವಾರ ನಾಲ್ಕೂ ರೂಢಿಯಾಗಿ, ಸಂಕ್ರಮಣ, ಗ್ರಹಣ, ವ್ಯತೀಪಾತಗಳೂ ಬರತೊಡಗಿದವು.

ಈ ಬೆಳವಣಿಗೆಯಲ್ಲಿ ಗಮನಿಸಬೇಕಾದ್ದು ಏನು ಬಂತು ಅನ್ನೋದರಷ್ಟೇ ಏನು ಬರಲಿಲ್ಲ ಅನ್ನೋದೂ. ತಿಥಿ, ನಕ್ಷತ್ರ, ಯೋಗ, ಕರಣ ಎಲ್ಲವೂ ಸೂರ್ಯ–ಚಂದ್ರರ ಲೆಕ್ಕ. ಸಂವತ್ಸರ ಮೂಲದಲ್ಲಿ ಗುರುವಿನ ಚಲನೆಯದಾದರೂ, ದಕ್ಷಿಣದಲ್ಲಿ ಅದು ಗುರುವಿನ ಹಂಗು ಬಿಟ್ಟು ಬರೀ ಅರವತ್ತರ ಎಣಿಕೆಯಾಯಿತು. ಕುಜ ಇಂಥ ರಾಶಿಯಲ್ಲಿದ್ದ, ಶನಿ ಇಂಥ ಭಾವದಲ್ಲಿದ್ದ ಎಂಬ ಮಾತು ದಾನಶಾಸನದ ತೇದಿಯ ಸಾಲಿನಲ್ಲಿ ಸಿಗುವುದು ಅಪರೂಪದಲ್ಲಿ ಅಪರೂಪ. ಪ್ರತಿಷ್ಠೆಯ ಶಾಸನಗಳಲ್ಲಿ ಲಗ್ನ ಹೇಳುವುದುಂಟು. ಅದು ಮುಹೂರ್ತದ ಲಗ್ನ, ಜನ್ಮಜಾತಕದ್ದಲ್ಲ. ಮಂಗಳ, ಶನಿಗಳು ನಮ್ಮ ಕಲ್ಲಿಗೆ ಬಂದದ್ದು ವಾರದ ಹೆಸರಾಗಿ. ಶನಿವಾರವಂತೂ ಎಷ್ಟೋ ಕಡೆ "ವಡ್ಡವಾರ" ಎಂಬ ವೇಷದಲ್ಲಿ ಬರುತ್ತೆ. ಆ ಪದದ ಅರ್ಥವನ್ನು ವಿದ್ವಾಂಸರು ಗಟ್ಟಿ ಮಾಡಿದ್ದು ನಿಘಂಟಿನಿಂದಲ್ಲ, ವಡ್ಡವಾರ ಹೇಳುವ ಶಾಸನಗಳ ತಿಥಿಗಳನ್ನು ಲೆಕ್ಕ ಹಾಕಿ.

ವಾರಗಳ ಕ್ರಮ ಹುಟ್ಟಿದ್ದೇ ಹೋರೆಯಿಂದ ಅನ್ನೋದು ಇಲ್ಲಿನ ಸ್ವಾರಸ್ಯ. ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂಬ ಸರದಿಯಲ್ಲಿ ದಿನದ 24 ಹೋರೆಗಳನ್ನು ಹಂಚಿ. ಶನಿಯಿಂದ ಶುರುಮಾಡಿದರೆ 25ನೆಯ ಹೋರೆ ರವಿಯದು, ಅದೇ ಮರುದಿನದ ಹೆಸರು. ಹೀಗೆ ಹೋರೆ ನಮ್ಮ ಊರಿನ ಕಲ್ಲಿಗೆ ಇಳಿದಿದೆ. ಆದರೆ ಕುಂಡಲಿಯಾಗಿ ಅಲ್ಲ, ವಾರವಾಗಿ.

ಹಾಗಾದರೆ ಆ ಕಾಲದ ಕನ್ನಡಿಗರಿಗೆ ಜಾತಕ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಚಾಲುಕ್ಯ ಆಹವಮಲ್ಲನ ಕಾಲದಲ್ಲಿ, 1049ರಲ್ಲಿ, ಶ್ರೀಧರಾಚಾರ್ಯ "ಜಾತಕತಿಲಕ"ವನ್ನು ಕನ್ನಡದಲ್ಲೇ ಬರೆದ. ಅದಕ್ಕೂ ಮುಂಚೆ ಚಾವುಂಡರಾಯನ "ಲೋಕೋಪಕಾರ" ಪಂಚಾಂಗದ ವಿಷಯ ಹೇಳಿಯಾಗಿತ್ತು. ಅಂದಮೇಲೆ ಕಲ್ಲಿನಲ್ಲಿ ಕುಂಡಲಿ ಇಲ್ಲದಿರುವುದು ಅರಿವಿನ ಕೊರತೆಯಿಂದಲ್ಲ. ಶಾಸನ ದಾನದ ದಾಖಲೆ, ಹುಟ್ಟಿದ ದಿನದ ದಾಖಲೆ ಅಲ್ಲ. ಸಂಕ್ರಾಂತಿ, ಗ್ರಹಣ, ವ್ಯತೀಪಾತದಲ್ಲಿ ಕೊಟ್ಟ ದಾನಕ್ಕೆ ಫಲ ಹೆಚ್ಚು ಎಂಬುದು ಧರ್ಮಶಾಸ್ತ್ರದ ಮಾತು. ಆ ಪರ್ವಕಾಲ ಯಾವಾಗ ಬರುತ್ತೆ ಎಂದು ಲೆಕ್ಕ ಹಾಕುವುದು ಸಿದ್ಧಾಂತದ ಕೆಲಸ. ಮಗುವಿನ ಭವಿಷ್ಯ ಹೇಳುವುದು ಹೋರೆಯ ಕೆಲಸ. ಜ್ಯೋತಿಷದ ಮೂರು ಸ್ಕಂಧಗಳನ್ನು ಹಿರಿಯರು ಬೇರೆ ಬೇರೆ ಇಟ್ಟದ್ದು ಸುಮ್ಮನೆ ಅಲ್ಲ.

ಕುಂಡಲಿ ತಂತ್ರಾಂಶ ಎಲ್ಲಿ ಕೈಕೊಡುತ್ತೆ

ಇದು ಬರೀ ಗ್ರಂಥಚರ್ಚೆಯಲ್ಲ, ಕೆಲಸ ಕೆಡುವ ವಿಷಯ. ಒಂದು ಲೆಕ್ಕ ನೋಡಿ. ಇಮ್ಮಡಿ ಬಲ್ಲಾಳನ ಪಟ್ಟಾಭಿಷೇಕ ಶಕ 1095, ವಿಜಯ ಸಂವತ್ಸರ, ಶ್ರಾವಣ ಶುದ್ಧ 11, ಭಾನುವಾರ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಶೇಷ 27. ಪ್ರಭವದಿಂದ 27ನೆಯದು ವಿಜಯ, ಸರಿಯಾಯಿತು. ತಿಥಿ, ವಾರ ಕೂಡುವ ದಿನ 1173ರ ಜುಲೈ 22. ಚರಿತ್ರೆಯ ಪುಸ್ತಕಗಳೂ ಇದನ್ನೇ ಕೊಡುತ್ತವೆ. ಆದರೆ ಇದು ಜೂಲಿಯನ್ ಪಂಚಾಂಗದ ತೇದಿ. ಇವತ್ತಿನ ಎಷ್ಟೋ ತಂತ್ರಾಂಶಗಳು ನೀವು ಬರೆದದ್ದನ್ನು ಗ್ರೆಗೋರಿಯನ್ ಅಂದುಕೊಳ್ಳುತ್ತವೆ. 12–13ನೆಯ ಶತಮಾನದಲ್ಲಿ ಈ ಎರಡರ ಅಂತರ ಸರಿಯಾಗಿ 7 ದಿನ.

ಏಳು ದಿನ ಅಂದರೆ ಒಂದು ವಾರ! ಹಾಗಾಗಿ ತಂತ್ರಾಂಶವೂ ಭಾನುವಾರ ಎಂದೇ ತೋರಿಸುತ್ತೆ. ನೋಡಿದವರಿಗೆ "ವಾರ ಕೂಡಿತು" ಎಂಬ ಸಮಾಧಾನ. ಆದರೆ ಅದು ತೋರಿಸುತ್ತಿರುವುದು ಒಂದು ವಾರ ಹಿಂದಿನ ಆಕಾಶ. ತಿಥಿ ಏಕಾದಶಿಯ ಬದಲು ತದಿಗೆ–ಚವತಿಯ ಆಸುಪಾಸು. ಚಂದ್ರ ಬೇರೆ ನಕ್ಷತ್ರದಲ್ಲಿ, ದಶೆ ಬೇರೆ ಗ್ರಹದ್ದು. ಆ ಕುಂಡಲಿಯ ಮೇಲೆ ಪರಾಶರನನ್ನು ಎಷ್ಟು ಉದ್ಧರಿಸಿದರೂ ಏನು ಬಂತು? ನಮ್ಮ ನಾಲ್ಕು ತಾಲ್ಲೂಕಿನ ಹೊಯ್ಸಳ ಶಾಸನಗಳು ಬಹುಪಾಲು ಬೀಳುವುದು ಇದೇ ಎರಡು ಶತಮಾನಗಳಲ್ಲಿ. 1171ರ ಕಿಕ್ಕೇರಿ ಬ್ರಹ್ಮೇಶ್ವರವೂ ಇದರೊಳಗೇ ಬರುತ್ತೆ.

ಎರಡನೆಯ ತೊಡಕು ಅಯನಾಂಶ. ತಂತ್ರಾಂಶಗಳು ಸಾಮಾನ್ಯವಾಗಿ ಬಳಸುವ ಚಿತ್ರಾಪಕ್ಷ ಅಯನಾಂಶ ಅಧಿಕೃತವಾದದ್ದು ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ 1955ರ ವರದಿಯಿಂದ. ಗ್ರಹಗಳ ಸ್ಥಾನವೂ ಆಧುನಿಕ ಲೆಕ್ಕದ್ದು. ಹೊಯ್ಸಳರ ಕಾಲದ ಜೋಯಿಸ ಹಿಡಿದದ್ದು ಹಳೆಯ ಸಿದ್ಧಾಂತಗಳ ಲೆಕ್ಕ. ಎರಡರ ನಡುವೆ ತಿಥಿಯ ಅಂತ್ಯದಲ್ಲಿ ಕೆಲವು ಗಂಟೆಗಳ ವ್ಯತ್ಯಾಸ ಬಂದರೆ, ಸೂರ್ಯೋದಯದ ತಿಥಿಯೇ ಬದಲಾಗಬಹುದು. ಆಗ ತಪ್ಪಿದ್ದು ಕಲ್ಲಲ್ಲ, ನಮ್ಮ ಅಳತೆಗೋಲು. ಶಾಸನಗಳ ತೇದಿಗೆ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳನ್ನು ಇವತ್ತಿಗೂ ವಿದ್ವಾಂಸರು ಕೈಗೆತ್ತಿಕೊಳ್ಳುವುದು ಇದಕ್ಕೇ. ಅವರು ಹಳಬರ ಲೆಕ್ಕದಲ್ಲೇ ಹಳಬರ ದಿನ ಹುಡುಕಿದರು. 1918ರಲ್ಲಿ ಮೈಸೂರಿನ ಎ. ವೆಂಕಟಸುಬ್ಬಯ್ಯನವರು ಶಾಸನಗಳ ಶಕತೇದಿಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು.

ಉತ್ತರಾಯಣ ಸಂಕ್ರಮಣದ ವಿಷಯವೂ ಹೀಗೇ. ಹೊಯ್ಸಳರ ಕಾಲದಲ್ಲಿ ಅದು ಬೀಳುತ್ತಿದ್ದದ್ದು ಡಿಸೆಂಬರ್ 25ರ ಸುಮಾರಿಗೆ. ಜನವರಿ 14 ಅಂತ ಹುಡುಕಿದರೆ ತಿಥಿ ಕೂಡುವುದೇ ಇಲ್ಲ. ಆತಕೂರಿನ ಶಕ 872 ಕೂಡ ಇಂಥದ್ದೇ. ಸೌಮ್ಯ ಸಂವತ್ಸರ ಕೂಡಬೇಕಾದರೆ ಅದನ್ನು ನಡೆಯುತ್ತಿರುವ ವರ್ಷ ಎಂದು ಓದಬೇಕು, ಆಗ ಕ್ರಿ.ಶ. 949–50. ಕಳೆದ ವರ್ಷ ಎಂದು ಓದಿದರೆ ಸಾಧಾರಣ ಸಂವತ್ಸರ ಬರುತ್ತೆ. ಈ ಸೂಕ್ಷ್ಮ ತಿಳಿಯದೆ "ಶಾಸನದಲ್ಲಿ ತಪ್ಪಿದೆ" ಎನ್ನುವುದು ಕಲ್ಲಿಗೆ ಮಾಡುವ ಅನ್ಯಾಯ.

ಮೇಲುಕೋಟೆಯ ಒಂದು ಎಚ್ಚರಿಕೆ

ಪಾಂಡವಪುರ ತಾಲ್ಲೂಕಿನ ತೊಣ್ಣೂರು, ಮೇಲುಕೋಟೆಗಳ ಚರಿತ್ರೆ ರಾಮಾನುಜರ ಕಾಲದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗದು. ಸಂಪ್ರದಾಯ ಹೇಳುವ ಜನನ 1017, ಪಿಂಗಳ ಸಂವತ್ಸರ. ಪರಮಪದ 1137, ಮತ್ತೆ ಪಿಂಗಳ. ನಡುವೆ ಸರಿಯಾಗಿ 120 ವರ್ಷ, ಅಂದರೆ ಅರವತ್ತರ ಎರಡು ಸುತ್ತು. ಈಗ ಹೋರೆಯ ಕಡೆ ನೋಡಿ: ರವಿ 6, ಚಂದ್ರ 10, ಕುಜ 7, ರಾಹು 18, ಗುರು 16, ಶನಿ 19, ಬುಧ 17, ಕೇತು 7, ಶುಕ್ರ 20. ವಿಂಶೋತ್ತರಿಯ ಒಟ್ಟು ಮೊತ್ತ 120. ಮನುಷ್ಯನ ಪೂರ್ಣಾಯುಸ್ಸು ಎಂದು ಜಾತಕಶಾಸ್ತ್ರ ಹಿಡಿಯುವ ಅಳತೆಯೂ ಸುಮಾರು ಅದೇ.

ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಮಹಾಪುರುಷನ ಬದುಕಿಗೆ ಪೂರ್ಣಾಯುಸ್ಸಿನ ಅಳತೆ ಹೊಂದಿಕೊಂಡಿರುವಾಗ ಆ ವರ್ಷಗಳನ್ನು ಶಾಸನದ ತೇದಿಯಷ್ಟೇ ಗಟ್ಟಿ ಎಂದು ಹಿಡಿಯಬಾರದು, ಅಷ್ಟೇ. ಇತಿಹಾಸಕಾರರು 120ರ ಆಯುಸ್ಸನ್ನು ಅನುಮಾನಿಸಿದ್ದಾರೆ, ಜನನವನ್ನು ಕೆಲವು ದಶಕ ಈಚೆಗೆ ತಂದವರೂ ಇದ್ದಾರೆ. 1017ಕ್ಕೆ ಕುಂಡಲಿ ಹಾಕಿ, ಪರಾಶರನ ಯೋಗಗಳು ಅದರಲ್ಲಿ ಕೂಡಿವೆ ಎಂದು ತೋರಿಸಿ, ಆದ್ದರಿಂದ 1017 ಸರಿ ಎನ್ನುವ ವಾದ ತನ್ನ ಬಾಲ ತಾನೇ ಹಿಡಿಯುವ ವಾದ. ರಾಮಾನುಜರ ಮಹತ್ವ ಕುಂಡಲಿಯ ಸಾಕ್ಷಿ ಕೇಳುವುದಿಲ್ಲ. ತೊಣ್ಣೂರಿನ ಕನ್ನಡ, ತಮಿಳು ಶಾಸನಗಳು ಶ್ರೀವೈಷ್ಣವರ ನೆಲೆಯನ್ನು ತಾವೇ ಹೇಳುತ್ತವೆ.

ಎದುರುವಾದಕ್ಕೂ ಜಾಗ

ಪರಾಶರನ ಪರ ನಿಲ್ಲುವವರು ಕೇಳುವ ಪ್ರಶ್ನೆ ನ್ಯಾಯವಾದದ್ದೇ: ಗ್ರಂಥರೂಪ ಈಚಿನದಾದರೂ ವಿದ್ಯೆ ಹಳೆಯದಿರಬಾರದೇ? ಇರಬಹುದು. ಭಟ್ಟೋತ್ಪಲ ಉದ್ಧರಿಸಿದ ಪರಾಶರಸಂಹಿತೆಯ ಋತುಗಣನೆ ವೇದಾಂಗಜ್ಯೋತಿಷದ ಹಾಗೆ ಶ್ರವಿಷ್ಠಾದಿಂದಲೇ ಉತ್ತರಾಯಣ ಎಣಿಸುತ್ತೆ. ಪರಾಶರನ ಹೆಸರಿನಲ್ಲಿ ನಿಜಕ್ಕೂ ಹಳೆಯ ಪದರವೊಂದು ಇತ್ತು ಅನ್ನೋದಕ್ಕೆ ಇದು ಒಳ್ಳೆಯ ಸಾಕ್ಷಿ. ಆದರೆ ಆ ಪದರ ಇರುವುದು ಸಂಹಿತೆಯಲ್ಲಿ. ಸಂಹಿತೆಯ ವಯಸ್ಸನ್ನು ಹೋರೆಗೆ ಸಾಲ ಕೊಡುವಂತಿಲ್ಲ. ಹೋರೆಯನ್ನು ಜಾತಕಗ್ರಂಥವಾಗಿ ಓದುವವರು ಓದಲಿ, ನಂಬುವವರು ನಂಬಲಿ. ಶಾಸನದ ಕಾಲಕ್ಕೆ ಅದು ಸಾಕ್ಷಿ ಹೇಳಲಾರದು ಎನ್ನುವುದಷ್ಟೇ ನನ್ನ ವಾದ.

ಪಂಚಾಂಗದ ಚೌಕಟ್ಟು ಎಷ್ಟು ಗಟ್ಟಿ ಅನ್ನೋದಕ್ಕೆ ಶ್ರೀರಂಗಪಟ್ಟಣದ್ದೇ ಉದಾಹರಣೆ ಇದೆ. ಟಿಪ್ಪು ಸುಲ್ತಾನ್ ತಿಂಗಳ ಹೆಸರು ಬದಲಿಸಿದ, ವರ್ಷದ ಹೆಸರು ಬದಲಿಸಿದ, ಮೌಲೂದಿ ಶಕ ತಂದ, ಪಟ್ಟಣದ ಟಂಕಸಾಲೆಯ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಇಷ್ಟೆಲ್ಲ ಆದರೂ ಚಾಂದ್ರಸೌರ ಮಾಸಗಳ ಹಂದರ, ಅರವತ್ತು ವರ್ಷದ ಚಕ್ರ ಹಾಗೇ ಉಳಿದವು. ಕಂದಾಯ, ಬೆಳೆ, ಲೆಕ್ಕಪತ್ರ ಎಲ್ಲ ನಿಂತಿದ್ದದ್ದು ಅದರ ಮೇಲೆ. ಹಳ್ಳಿಯ ಆಯಗಾರರಲ್ಲಿ ಪಂಚಾಂಗದವನಿಗೂ ಒಂದು ಪಾಲು ಇತ್ತಲ್ಲ, ಅದೂ ಈ ಕೆಲಸಕ್ಕೇ.

ಇನ್ನು ಮುಂದೆ ಈ ಸೀಮೆಯ ಶಾಸನದ ತೇದಿ ನೋಡುವವರು ಒಂದು ಕ್ರಮ ಇಟ್ಟುಕೊಂಡರೆ ಚೆಂದ. ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಪಾಠ ನೋಡಿ. ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ 6ನೆಯ ಸಂಪುಟದಲ್ಲಿವೆ, ನಾಗಮಂಗಲ 7ನೆಯದರಲ್ಲಿ. ರೈಸ್ ಅವರ ಹಳೆಯ ಸಂಪುಟ ಬಳಸುವುದಾದರೆ ಮೇಲುಕೋಟೆ, ತೊಣ್ಣೂರುಗಳನ್ನು ಶ್ರೀರಂಗಪಟ್ಟಣದ ಸಂಖ್ಯೆಗಳಲ್ಲಿ ಹುಡುಕಿ. ಆಮೇಲೆ ಶಕವರ್ಷವೂ ಸಂವತ್ಸರವೂ ಕೂಡುತ್ತವೆಯೇ ನೋಡಿ, ಕಳೆದ ವರ್ಷವೋ ನಡೆಯುವ ವರ್ಷವೋ ತೀರ್ಮಾನಿಸಿ. ಬಳಿಕ ತಿಥಿ–ವಾರ ಹೊಂದಿಸಿ, ಜೂಲಿಯನ್ ತೇದಿ ಎಂದು ಸ್ಪಷ್ಟವಾಗಿ ಬರೆದುಕೊಳ್ಳಿ. ಸಂಕ್ರಮಣವೋ ಗ್ರಹಣವೋ ಇದ್ದರೆ ಅದರಿಂದ ಒರೆಹಚ್ಚಿ. ಇಷ್ಟಾದ ಮೇಲೂ ಕೂಡದಿದ್ದರೆ ಕಲ್ಲಿನ ಅಂಕಿಯನ್ನು ಮತ್ತೊಮ್ಮೆ ಓದಿ, ಸವೆದ ಅಕ್ಷರದಲ್ಲಿ 2 ಮತ್ತು 3 ಅದಲುಬದಲಾಗುವುದು ಹೊಸದೇನಲ್ಲ. "ಕೂಟ" ಎಂಬ ಮಾತು ಬಾಯಿಗೆ ಬರಬೇಕಾದ್ದು ಇವೆಲ್ಲ ಮುಗಿದ ಮೇಲೆ, ಅದೂ ಲಿಪಿ, ಭಾಷೆ, ಒಕ್ಕಣೆಗಳ ಸಾಕ್ಷಿ ಜೊತೆಗಿದ್ದರೆ ಮಾತ್ರ.